ಖಡಕ್‌ವಾಸ್ಲಾದ ಗೇಟಿನಿಂದ ಸರ್ ಎಂ.ವಿ. ಪಾಠ: ನಾಲ್ಕು ವಾರದ ಕೆಲಸ

ಪುಣೆಯ ಭಾನುವಾರದ ಕನ್ನಡ ವರ್ಗ, 3 ಮತ್ತು 4ನೇ ಇಯತ್ತೆಯ ಮಕ್ಕಳು.

ವಾರ 1. ಹುಟ್ಟು, ಓದು, ಹುದ್ದೆ, ಪ್ರಶಸ್ತಿ ಎಂಬ ಕ್ರಮ ಕೈಬಿಟ್ಟೆವು. ಹಾಗೆ ಹೇಳಿದರೆ 1955ರ ಭಾರತರತ್ನವೊಂದೇ ಮಕ್ಕಳ ತಲೆಯಲ್ಲಿ ಉಳಿಯುತ್ತದೆ. ಬದಲಿಗೆ ಒಂದೇ ಪ್ರಶ್ನೆ: ಅಣೆಕಟ್ಟಿನ ಗೋಡೆ ಎತ್ತರಿಸದೆ ಹೆಚ್ಚು ನೀರು ನಿಲ್ಲಿಸುವುದು ಹೇಗೆ? ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ ಕೂಡಿಸಿದ, ಹೆಚ್ಚಿನ ನೀರು ತಡೆದು ಮಟ್ಟ ಮಿತಿ ಮೀರಿದರೆ ತಾವೇ ತೆರೆಯುವ ಸ್ವಯಂಚಾಲಿತ ಗೇಟುಗಳು ಇದಕ್ಕೆ ಉತ್ತರ. ಅಲ್ಲಿಂದ ಹೊರಟ ಮುಠಾ ಕಾಲುವೆ ಪುಣೆ ಊರೊಳಗೇ ಹರಿಯುವುದರಿಂದ ಮಕ್ಕಳಿಗೆ ಅದು ಕಂಡ ನೀರು.

ವಾರ 2. ಕಾಲರೇಖೆಗೆ ಸೆಣಬಿನ ಹುರಿ. ವರ್ಷಕ್ಕೆ 10 ಸೆಂ.ಮೀ. ಹಿಡಿದರೆ ಕೋಣೆ ಸಾಲದು, 5 ಸೆಂ.ಮೀ. ಸಾಕು. 1831ರಿಂದ 1962ಕ್ಕೆ 655 ಸೆಂ.ಮೀ. 1962 ವಿಶ್ವೇಶ್ವರಯ್ಯ ತೀರಿದ ವರ್ಷ; 1831 ಏಕೆಂದರೆ ಅದು ಸಾವಿತ್ರಿಬಾಯಿ ಫುಲೆ ಹುಟ್ಟಿದ ವರ್ಷ. 1883ರಲ್ಲಿ ವಿಶ್ವೇಶ್ವರಯ್ಯ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿದಾಗ ಆಕೆ ಇದೇ ಊರಲ್ಲಿದ್ದರು. ಒಂಬತ್ತು ವರ್ಷದ ಮಗುವಿನ ಬಾಳು ಇದೇ ಅಳತೆಯಲ್ಲಿ 45 ಸೆಂ.ಮೀ.; ಕೆಂಪು ದಾರ ಹಿಡಿಸಿ ತೋರಿಸಿದರೆ 'ನೂರು ವರ್ಷ' ಎಂಬುದು ಕಣ್ಣಿಗೇ ತಿಳಿಯುತ್ತದೆ. ವಿಶ್ವೇಶ್ವರಯ್ಯನವರ ಜನ್ಮವರ್ಷ ಕೆಲವು ಪುಸ್ತಕದಲ್ಲಿ 1860, ಕೆಲವದರಲ್ಲಿ 1861. ಎರಡೂ ಕಡೆ ಕ್ಲಿಪ್ಪು ಹಾಕಿ. ಇತಿಹಾಸವನ್ನು ತಾಳೆ ನೋಡಬೇಕೆಂದು ಕಲಿಸಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ವಾರ 3. ಮಾದರಿ ಗೇಟು. ಇದು ಅವರ ಗೇಟಿನ ನಕಲಲ್ಲ. ಕೈ ಹಚ್ಚದೆ ನೀರೇ ಬಾಗಿಲು ತೆರೆಯುತ್ತದೆ ಎಂದು ತೋರಿಸಲು ಮಾತ್ರ. 2 ಲೀಟರ್ ಪ್ಲಾಸ್ಟಿಕ್ ಡಬ್ಬಿಯ ಅಂಚಿನಲ್ಲಿ 5 ಸೆಂ.ಮೀ. ಅಗಲ, 3 ಸೆಂ.ಮೀ. ಆಳದ ಕಚ್ಚು; ಅದಕ್ಕೆ ಹಳೆಯ ಎಕ್ಸ್‌ರೇ ಹಾಳೆಯ ಬಾಗಿಲು, ಕೆಳಗೆ 20 ಗ್ರಾಂ ಜೇಡಿಮಣ್ಣು. ದಾರ ಪೆನ್ಸಿಲ್ ಮೇಲಿಂದ ಹಾಯ್ದು 100 ಮಿ.ಲೀ. ಲೋಟಕ್ಕೆ. ನೀರು ಮೇಲೇರಿದಾಗ ಸ್ಟ್ರಾ ಮೂಲಕ ಲೋಟ ತುಂಬಿ ಇಳಿಯುತ್ತದೆ, ಬಾಗಿಲು ಏಳುತ್ತದೆ. ಲೋಟ ಮತ್ತೆ ಬರಿದಾಗಿ ಬಾಗಿಲು ಮುಚ್ಚಲು ಅದರ ತಳದಲ್ಲೊಂದು ತೂತು; ಅದು ಗುಂಡುಸೂಜಿಯಷ್ಟೇ ಇರಲಿ, ದೊಡ್ಡದಾದರೆ ಲೋಟ ತುಂಬುವುದೇ ಇಲ್ಲ. ರಟ್ಟಿನ ಬಾಗಿಲು ನೆನೆದು ಉಬ್ಬಿ ಸಿಕ್ಕಿಕೊಂಡಿತು. ಕಚ್ಚು ಇನ್ನೂ ಆಳವಾದರೆ ನೀರಿನ ಒತ್ತಡಕ್ಕೆ ಬಾಗಿಲು ಅಂಟಿ ನಿಲ್ಲುತ್ತದೆ.

ವಾರ 4. 'ಅಣೆಕಟ್ಟು ಕಟ್ಟಿದ್ದೇ ಅವರು' ಎಂದು ಹಲವರು ಬರೆದರು. ಖಡಕ್‌ವಾಸ್ಲಾ ಅವರಿಗಿಂತ ಮೊದಲೇ ಇತ್ತು. ತಪ್ಪು ಪಾಠದ್ದು, ಮಕ್ಕಳದಲ್ಲ: ಒಬ್ಬರ ಹೆಸರನ್ನೇ ಹೇಳಿದೆವು. ಈಗ ಗಾರೆಯವನು, ಕಾಲುವೆಯ ಕಾವಲುಗಾರ, ಕೆಳಗಿನ ಊರಿನ ರೈತ, ಊರಿನ ನಲ್ಲಿಯವರು ಎಂದು ನಾಲ್ಕು ಚೀಟಿ ಮಾಡಿದ್ದೇವೆ. 'ನೀರು ಹೆಚ್ಚಾದರೆ ಮೊದಲು ಯಾರಿಗೆ?' ಎಂಬ ಪ್ರಶ್ನೆಗೆ ಪ್ರತಿ ಚೀಟಿಯವರೂ ಉತ್ತರಿಸಬೇಕು. ಮುಂದಿನ ಭಾನುವಾರದ ಪಾಠ: 1961ರ ಜುಲೈ 12, ಪಾನಶೇತ್ ಅಣೆಕಟ್ಟು ಒಡೆದು ಪುಣೆಗೆ ನೀರು ನುಗ್ಗಿದ ದಿನ. ಅದೇ ಡಬ್ಬಿ, ಅದೇ ಚೀಟಿಗಳು.