ನಾರಿ ಸುವರ್ಣದ ಹೆಣ್ಣುಮಕ್ಕಳು: ಚೊಚ್ಚಲು ಸೂಲಿನ ಲೆಕ್ಕ

ಅವಳಿ ಮರಿಗೆ ಹೆಸರಾದ ನಾರಿ ಸುವರ್ಣ ಎಂಬ ಕುರಿ ತಳಿಯ ಟಗರು ನಮ್ಮ ರೊಪ್ಪಕ್ಕೆ ಬಂದ ಮೊದಲ ವರ್ಷ ಹಟ್ಟಿಯವರೆಲ್ಲ ನಕ್ಕಿದ್ದರು. ಅಷ್ಟು ದುಡ್ಡು ಸುರಿದು ತಂದ ಟಗರು, ಹುಟ್ಟಿಸಿದ್ದೆಲ್ಲ ಒಂಟಿ ಮರಿಗಳೇ. ಆಗ ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆದಿಡುತ್ತೇನೆ: ಎಷ್ಟು ಮರಿ ಎಂಬುದು ತಾಯಿಯ ಅಂಡಾಶಯದ ಲೆಕ್ಕ, ಟಗರಿನದಲ್ಲ. ಅವಳಿ ಗುಣದ ಟಗರನ್ನು ನಾಟಿ ಕುರಿಗೆ ಬಿಟ್ಟ ಮಾತ್ರಕ್ಕೆ ಅವಳಿ ಹುಟ್ಟುವುದಿಲ್ಲ. ಅದರ ಹೆಣ್ಣುಮರಿಗಳು ಬೆಳೆದು ಈಯುವಾಗ ಆ ಗುಣ ಹೊರಬೀಳುತ್ತದೆ. ಟಗರು ಮಾರುವ ದಳ್ಳಾಳಿಗಳು ಈ ಮಾತನ್ನು ಹೇಳುವುದೇ ಇಲ್ಲ.

ಈ ಗುಣದ ಮೂಲ ಬಂಗಾಳದ ಸುಂದರಬನದ ಗರೋಲ್ ಎಂಬ ಪುಟ್ಟ ಕುರಿ. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಅದನ್ನು ಡೆಕ್ಕನಿ ಕುರಿಗೆ ತಂದು ಈ ತಳಿ ಕಟ್ಟಿದರು; ನಮ್ಮ ಬನ್ನೂರು ಕುರಿಯ ರಕ್ತವೂ ಅದರಲ್ಲಿ ಸೇರಿದೆ. ಫೆಕ್‌ಬಿ ಎಂದು ಕರೆಯುವ ಈ ಗುಣ ಮೊದಲು ಹೆಸರಾದದ್ದು ಆಸ್ಟ್ರೇಲಿಯದ ಬೂರೂಲ ಮೆರಿನೊ ಕುರಿಗಳಲ್ಲಿ. ಅದು ಯಾವ ಜೀನಿನ ಬದಲಾವಣೆ ಎಂಬುದು 2001ರಲ್ಲಿ ತಿಳಿಯಿತು. ಬಂಗಾಳದ ಕುರಿಗಳು 18ನೇ ಶತಮಾನದ ಕೊನೆಯಲ್ಲೇ ಹಡಗೇರಿ ಆ ದೇಶಕ್ಕೆ ಹೋಗಿದ್ದವು. ನಮ್ಮ ದೇಶದ ಕುರಿಯ ಹೆಚ್ಚುಗಾರಿಕೆಯನ್ನು ನಾವು ಸಮುದ್ರದಾಚೆಯಿಂದ ಕೇಳಿ ತಿಳಿಯಬೇಕಾಯಿತು!

ನಾನು ತಂದ ಟಗರಿಗೆ ರಕ್ತಪರೀಕ್ಷೆಯಾಗಿತ್ತು, ಅದರಲ್ಲಿ ಅಪ್ಪ ಅಮ್ಮ ಇಬ್ಬರಿಂದಲೂ ಬಂದ ಈ ಜೀನಿನ ಎರಡು ಪ್ರತಿಗಳಿದ್ದವು. ಹಾಗಾಗಿ ಅದರ ಪ್ರತಿ ಹೆಣ್ಣುಮಗಳಿಗೂ ಒಂದು ಪ್ರತಿ ಖಾತ್ರಿ. ಒಂದೇ ಪ್ರತಿಯ ಟಗರಾಗಿದ್ದರೆ ಅರ್ಧದಷ್ಟು ಹೆಣ್ಣುಮರಿಗಳಿಗೆ ಮಾತ್ರ ಬರುತ್ತಿತ್ತು. ಹೆಣ್ಣುಮರಿಗಳು ಬೆದೆಗೆ ಬರುವ ಮೊದಲೇ ಅಪ್ಪನನ್ನು ಪಕ್ಕದೂರಿಗೆ ಕೊಟ್ಟು, ಅವುಗಳಿಗೆಂದು ನಾಟಿ ಟಗರನ್ನು ತಂದೆ.

ಆರಿದ್ರಾ ಮಳೆ, ಜೂನ್ ಕೊನೆ

ಟಗರನ್ನು ಹಿಂಡಿಗೆ ಬಿಟ್ಟಾಯಿತು: ಹದಿನಾಲ್ಕು ಹೆಣ್ಣುಮಕ್ಕಳು, ಇಪ್ಪತ್ತು ನಾಟಿ ಕುರಿಗಳು. ಒಂದು ಟಗರಿಗೆ ಇದಕ್ಕಿಂತ ಹೆಚ್ಚು ಬೇಡ. ಬೇಸಿಗೆಯಿಡೀ ಅದನ್ನು ಹಿಂಡಿನ ವಾಸನೆಯೂ ಸಿಗದಷ್ಟು ದೂರ, ಹುಣಸೆ ಮರದಡಿ ಕಟ್ಟಿದ್ದೆ. ಹೀಗೆ ದೂರವಿಟ್ಟ ಟಗರು ಏಕಾಏಕಿ ಬಂದರೆ ಕುರಿಗಳು ಹೆಚ್ಚುಕಡಿಮೆ ಒಟ್ಟಿಗೇ ಬೆದೆಗೆ ಬರುತ್ತವೆ, ಈಯುವುದೂ ಒಟ್ಟಿಗೇ ಆಗುತ್ತದೆ. ನೆರಳಿಗೆ ಇನ್ನೊಂದು ಕಾರಣವೂ ಇದೆ. ವೀರ್ಯಾಣು ತಯಾರಾಗಲು ಸುಮಾರು ಏಳು ವಾರ ಬೇಕು. ಶಿರಾ ಸೀಮೆಯ ಮೇ ಬಿಸಿಲಿನ ಪೆಟ್ಟು ಫಲಿತದಲ್ಲಿ ಕಾಣಿಸುವುದು ಜೂನ್, ಜುಲೈನಲ್ಲಿ.

ಟಗರು ಬಿಡುವ ಎರಡು ವಾರ ಮೊದಲೇ ಕುರಿಗಳಿಗೆ ದಿನಕ್ಕೆ ತಲಾ ಕಾಲು ಕಿಲೋ ಮುಸುಕಿನ ಜೋಳದ ನುಚ್ಚು ಶುರು ಮಾಡಿದ್ದೆ. ಮೈ ಏರುತ್ತಿರುವ ಕುರಿ ಹೆಚ್ಚು ಅಂಡ ಬಿಡುತ್ತದೆ.

ಗುರುತಿಗೆ ಟಗರಿನ ಎದೆಗೆ ಹಳದಿ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬಳಿಯುತ್ತೇನೆ. ಎಲ್ಲರೂ ಕೆಮ್ಮಣ್ಣು ಎನ್ನುತ್ತಾರೆ, ಆದರೆ ಕರಿಯ ಉಣ್ಣೆಯ ಮೇಲೆ ಕೆಮ್ಮಣ್ಣು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಳಗ್ಗೆ ರೊಪ್ಪದ ಬಾಗಿಲು ತೆಗೆದಾಗ ಯಾರ ಬೆನ್ನ ತುದಿಯಲ್ಲಿ ಹಳದಿ ಇದೆಯೋ ಅವರ ಕಿವಿಯೋಲೆಯ ಸಂಖ್ಯೆ ಪುಸ್ತಕಕ್ಕೆ. ಹದಿನೇಳು ದಿನಕ್ಕೆ ಬಣ್ಣ ಬದಲಾಯಿಸಿ ಬಿಳಿ. ಹಳದಿಯ ಮೇಲೆ ಬಿಳಿ ಬಿತ್ತೆಂದರೆ ಮೊದಲ ಸಲ ಗಬ್ಬ ನಿಂತಿಲ್ಲ ಎಂದರ್ಥ. ಈ ಸಲ ಎರಡು ಬಣ್ಣ ಹತ್ತಿದವು ಕೆಲವೇ. ಎರಡು ಬಣ್ಣವನ್ನೂ ಹೊತ್ತು ಮೂರನೇ ಸಲವೂ ಬೆದೆಗೆ ಬಂದ ಒಂದು ನಾಟಿ ಕುರಿಯನ್ನು ಸಂತೆಗೆ ಬರೆದುಕೊಂಡೆ.

ಅಕ್ಟೋಬರ್

ಕೊನೆಯ ಆರು ವಾರ. ಹೊಟ್ಟೆಯ ಮರಿ ಮುಕ್ಕಾಲುಪಾಲು ಬೆಳೆಯುವುದು ಈಗಲೇ. ಅವಳಿ ಹೊತ್ತ ಕುರಿಯ ಹೊಟ್ಟೆಯಲ್ಲಿ ಮೇವಿಗೇ ಜಾಗ ಕಡಿಮೆ, ಬರೀ ಕಡಲೆಕಾಯಿ ಹೊಟ್ಟು ತಿಂದು ಬದುಕಲಾರದು. ಹೊಟ್ಟಿನ ಜೊತೆಗೆ ಕುದುರೆಮಸಾಲೆ ಸೊಪ್ಪು, ನುಚ್ಚು, ಹಿಂಡಿ ಸೇರಿಸಿದೆ. ಇಪ್ಪತ್ತೇಳನೇ ಸಂಖ್ಯೆಯದು ಒಂದು ಸಂಜೆ ಮೇವು ಬಿಟ್ಟು, ಗೋಡೆಗೆ ತಲೆ ಒತ್ತಿ ನಿಂತಿತು. ಬಸಿರಿನ ನಂಜು ಎಂದು ಪಶುವೈದ್ಯರು ಗುರುತಿಸಿ ಗ್ಲೂಕೋಸ್ ಹಾಕಿದರು. ಬೆಲ್ಲದ ನೀರು ಕುಡಿಸುತ್ತ ಕೂತದ್ದು ನಾವು. ಉಳಿಯಿತು. ಕರುಳುಬೇನೆಯ ಲಸಿಕೆಯನ್ನೂ ಇದೇ ತಿಂಗಳು ಹಾಕಿಸಿದೆ, ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷಣೆ ಸಿಗಲೆಂದು.

ನವೆಂಬರ್ ಕೊನೆ, ಅನುರಾಧ ಮಳೆ

ಹೆಣ್ಣುಮಕ್ಕಳಲ್ಲಿ ಹದಿಮೂರು ಈದವು. ಏಳು ಅವಳಿ, ಐದು ಒಂಟಿ, ಒಂದು ತ್ರಿವಳಿ: ಇಪ್ಪತ್ತೆರಡು ಮರಿ. ನಾಟಿಯವು ಹದಿನೆಂಟು ಈದವು, ಎಲ್ಲವೂ ಒಂಟಿ. ಹಟ್ಟಿಯ ನಗು ನಿಂತಿತು. ಟಗರಿನ ಬೆಲೆ ಕೇಳುವವರ ಸಾಲು ಶುರುವಾಯಿತು.

ಅವಳಿಯ ಕೆಲಸ ಹುಟ್ಟಿದ ಮೊದಲ ಎರಡು ಗಂಟೆಯಲ್ಲಿದೆ. ಚೊಚ್ಚಲು ತಾಯಿ ಮೊದಲ ಮರಿಯನ್ನು ನೆಕ್ಕುತ್ತ ಮೈಮರೆಯುತ್ತದೆ, ಎರಡನೆಯದು ಬಿದ್ದದ್ದೂ ಅದಕ್ಕೆ ತಿಳಿಯುವುದಿಲ್ಲ. ನಾನು ಎರಡನೆಯದನ್ನು ಎತ್ತಿ ತಾಯಿಯ ಮೂತಿಯ ಕೆಳಗೇ ಇಡುತ್ತೇನೆ. ಹೊಕ್ಕುಳಿಗೆ ಟಿಂಕ್ಚರ್. ಆಮೇಲೆ ಮೊಲೆಯ ತೂತಿನಲ್ಲಿರುವ ಮೇಣದಂಥ ಬೆಣೆಯನ್ನು ಹಿಂಡಿ ತೆಗೆದು, ಅಂಟು ಹಳದಿ ಗಿಣ್ಣು ಬೆರಳಿಗೆ ಹತ್ತಿದ್ದನ್ನು ನೋಡಿಯೇ ಮರಿಯ ಬಾಯಿ ಹಚ್ಚುತ್ತೇನೆ. ಸಣ್ಣ ಮರಿಗೆ ಆ ಬೆಣೆಯನ್ನು ಎಳೆಯುವ ಶಕ್ತಿ ಇರುವುದಿಲ್ಲ. ಬಾಲ ಆಡಿಸುತ್ತ ಚೀಪುತ್ತಿರುತ್ತದೆ, ಹೊಟ್ಟೆ ಖಾಲಿ. ತಾಯಿ ಮತ್ತು ಎರಡೂ ಮರಿಗಳನ್ನು ಬಿದಿರು ತಟ್ಟಿಯ ಸಣ್ಣ ಗೂಡಿನಲ್ಲಿ ಎರಡು ಮೂರು ದಿನ ಬೇರೆಯೇ ಇಡುತ್ತೇವೆ.

ಫೆಬ್ರವರಿ, ಮೂರು ತಿಂಗಳ ತೂಕ

ಇಪ್ಪತ್ತೆರಡರಲ್ಲಿ ಹದಿನೆಂಟು ಉಳಿದಿವೆ. ತ್ರಿವಳಿಯ ಒಂದು, ಹುಟ್ಟುವಾಗಲೇ ಒಂದೂವರೆ ಕಿಲೋ ದಾಟದ ಅವಳಿಯ ಎರಡು ಮರಿ ಹೋದವು. ಇನ್ನೊಂದನ್ನು ನಾಯಿಗಳು ಎಳೆದವು. ನಾಟಿಯವುಗಳಲ್ಲಿ ಹದಿನೇಳು ಉಳಿದಿವೆ. ಅವಳಿ ಮರಿಗಳು ತಲಾ ಒಂಬತ್ತು ಕಿಲೋ ಆಸುಪಾಸು, ಒಂಟಿಯವು ಹನ್ನೆರಡು.

ಟಗರಿಗೆ ಬಿಟ್ಟ ಕುರಿಗಳನ್ನೆಲ್ಲ ಹಿಡಿದು ಲೆಕ್ಕ ಹಾಕಿದರೆ ಹೆಣ್ಣುಮಕ್ಕಳು ಹದಿನಾಲ್ಕಕ್ಕೆ ಹದಿನೆಂಟು ಮರಿ ಸಾಕಿ ಕೊಟ್ಟಿವೆ, ನಾಟಿಯವು ಇಪ್ಪತ್ತಕ್ಕೆ ಹದಿನೇಳು. ನನ್ನ ಪುಸ್ತಕದಲ್ಲಿ ಈಗ ಹುಟ್ಟಿದ ಮರಿಗಳ ಅಂಕಣ ಪೆನ್ಸಿಲಿನಲ್ಲಿ, ಮೊಲೆ ಬಿಡಿಸಿದ ಮರಿಗಳದ್ದು ಮಾತ್ರ ಶಾಯಿಯಲ್ಲಿ.

ವಲಸೆ ಹಿಂಡಿನ ಹಿರಿಯರೊಬ್ಬರು ನಮ್ಮ ಹೊಲದಲ್ಲಿ ಕುರಿ ತರುಬಿದ್ದರು. ಅವಳಿಗಳನ್ನು ನೋಡಿ, ನಡೆಯುವ ಹಿಂಡಿಗೆ ಗಟ್ಟಿಯಾದ ಒಂದು ಮರಿಯೇ ಸಾಕಪ್ಪ, ಎರಡು ಬಡಕಲನ್ನು ಹೆಗಲ ಮೇಲೆ ಹೊರುವವರು ಯಾರು ಎಂದರು. ಅವರ ಮಟ್ಟಿಗೆ ಅದು ಸರಿಯಾದ ಮಾತು. ದಿನಾ ಹತ್ತಾರು ಮೈಲಿ ನಡೆದು, ಸಿಕ್ಕಿದ್ದನ್ನು ಮೇಯುವ ತಾಯಿಗೆ ಎರಡು ಮರಿಗಾಗುವಷ್ಟು ಹಾಲು ಎಲ್ಲಿಂದ ಬರಬೇಕು? ಕೊಳವೆಬಾವಿ, ಕುದುರೆಮಸಾಲೆಯ ಒಂದು ಮಡಿ, ರಾತ್ರಿ ಎದ್ದು ನೋಡುವ ಆಳು ಇರುವ ಕಡೆ ಈ ಜೀನು ಲಾಭ. ಇಲ್ಲದ ಕಡೆ ಅದನ್ನು ಸಬ್ಸಿಡಿ ಕೊಟ್ಟು ಹಂಚಿದರೂ ನಷ್ಟ ಎಂದೇ ನನ್ನ ಎಣಿಕೆ.

ಮುಂದಿನ ಸಲಕ್ಕೆ

ಎರಡು ಪ್ರತಿಯ ಇನ್ನೊಂದು ಟಗರು ತನ್ನಿ ಎಂದು ಹಲವರು ಹೇಳುತ್ತಿದ್ದಾರೆ. ತರುವುದಿಲ್ಲ. ಒಂದು ಪ್ರತಿಯ ಕುರಿಗೆ ಅಂಥ ಟಗರು ಬಿಟ್ಟರೆ ಹೆಣ್ಣುಮರಿಗಳಲ್ಲಿ ಅರ್ಧದಷ್ಟಕ್ಕೆ ಎರಡು ಪ್ರತಿ ಸೇರಿ ತ್ರಿವಳಿ ಹೆಚ್ಚುತ್ತವೆ, ಕುರಿಗಿರುವುದು ಎರಡೇ ಮೊಲೆ. ಈ ಸಲದ ಹೆಣ್ಣುಮರಿಗಳಲ್ಲಿ ಜೀನು ಬಂದದ್ದು ಸುಮಾರು ಅರ್ಧಕ್ಕೆ. ಯಾವುವು ಎಂದು ತಿಳಿಯಲು ರಕ್ತದ ಮಾದರಿ ಕಳಿಸಬೇಕು. ಇಪ್ಪತ್ತೇಳನೆಯದು ನಂಜಿನಿಂದ ಎದ್ದು ಎರಡೂ ಮರಿಗಳನ್ನು ತಲಾ ಹತ್ತು ಕಿಲೋಗೆ ತಂದಿದೆ, ಅದರ ಹೆಣ್ಣುಮರಿಯನ್ನು ಮಾರುವ ಮಾತೇ ಇಲ್ಲ. ಹೊಸ ನಾಟಿ ಟಗರಿನ ಹುಡುಕಾಟ ಯುಗಾದಿಯ ನಂತರ. ಟಗರಿನ ಕೊಂಬು, ಎತ್ತರ ಆಮೇಲೆ. ಮೊದಲು ಅದರ ತಾಯಿಯ ಕೆಚ್ಚಲನ್ನು ತೋರಿಸಿ ಎನ್ನುತ್ತೇನೆ. ತಾಯಿಯನ್ನು ತೋರಿಸಲಾಗದ ದಳ್ಳಾಳಿಯ ಜೊತೆ ವ್ಯಾಪಾರವಿಲ್ಲ.