ಖಾಲಿ ಬೋನಿನ ಲೆಕ್ಕ

ಮಲೆನಾಡಿನ ಇಲಿ, ಮೂಗಿಲಿಗಳ ಮೇಲೆ ಎಂ.ಎಸ್ಸಿ. ಪ್ರಬಂಧ ಮಾಡಲು ಹೊರಟವರು ಮೊದಲು ಕೇಳುವುದು "ಎಷ್ಟು ಬೋನು ಬೇಕು?" ಎಂದು. ಆಮೇಲೆ "ತಿಂಡಿ ಏನಿಡಬೇಕು?" ಎಂದು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಪ್ರಬಂಧ ಕೈಕೊಡುವುದು ಬೇರೆ ಕಡೆ. ಬೆಳಗ್ಗೆ ಹೋದಾಗ ಬಾಗಿಲು ಮುಚ್ಚಿದೆ, ಒಳಗೆ ಏನೂ ಇಲ್ಲ. ಅದನ್ನು ಪುಸ್ತಕದಲ್ಲಿ ಹೇಗೆ ಬರೆದಿರಿ ಎನ್ನುವುದರ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿದೆ.

ಬೋನಿಗಿಂತ ಮುಂಚೆ ಕಾಗದ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಪ್ರವೇಶಕ್ಕೆ ಅನುಮತಿ ಬೇಕು. ಸಂಶೋಧನೆಗಾಗಿ ಪ್ರಾಣಿ ಹಿಡಿಯುವುದಕ್ಕೆ 12ನೇ ಸೆಕ್ಷನ್. ಅರ್ಜಿ ಹೋಗುವುದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ, ಅಂದರೆ ಮಲ್ಲೇಶ್ವರದ ಅರಣ್ಯ ಭವನಕ್ಕೆ. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. "ಇಲಿ ತಾನೇ, ಅದು ಉಪದ್ರವಿ ಪ್ರಾಣಿಗಳ ಪಟ್ಟಿಯಲ್ಲಿದೆ" ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಳೆಯ ಐದನೇ ಅನುಸೂಚಿಯೇ 2022ರ ತಿದ್ದುಪಡಿಯಲ್ಲಿ ಹೋಯಿತು. ಪಟ್ಟಿಯಲ್ಲಿ ಏನೇ ಇರಲಿ, ನಿಮ್ಮ ಬೋನಿಗೆ ಬರುವ ಪ್ರಾಣಿ ಪಟ್ಟಿ ಓದಿಕೊಂಡು ಬರುವುದಿಲ್ಲ. ಖಾಸಗಿ ತೋಟವಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ವಿಶ್ವವಿದ್ಯಾಲಯದ ಪ್ರಾಣಿ ನೈತಿಕತಾ ಸಮಿತಿಯ ಒಪ್ಪಿಗೆ ಬೇರೆಯೇ.

ಈಗ ಬೋನು. ಹೆಚ್ಚಿನವರು ಬಳಸುವುದು ಮಡಚಿ ಇಡಬಹುದಾದ ಅಲ್ಯೂಮಿನಿಯಂ ಶರ್ಮನ್ ಬೋನು. ದೊಡ್ಡ ಅಳತೆಯದು 3 × 3.5 × 9 ಇಂಚು. ಒಳಗಿನ ಹಲಗೆಯ ಮೇಲೆ ಕಾಲಿಟ್ಟರೆ ಬಾಗಿಲು ಮೇಲೆದ್ದು ಮುಚ್ಚಿಕೊಳ್ಳುತ್ತದೆ. ಸಾಗಿಸುವಾಗ ಹಲಗೆ ಬಾಗಿ ಬಿಗಿಯಾಗುವುದು ಇದರ ಹಳೇ ರೋಗ. ಬಿಗಿಯಾದ ಬೋನಿಗೆ 10 ಗ್ರಾಂ ತೂಗುವ ಸುಂಡಿಲಿ ಬಂದು, ಊಟ ಮುಗಿಸಿ, ಮನೆಗೆ ಹೋಗುತ್ತದೆ. ದಿನಾ ಸಂಜೆ ಎರಡು ಒಂದು ರೂಪಾಯಿ ನಾಣ್ಯಗಳನ್ನು ಹಲಗೆಯ ಮೇಲೆ ಮೆತ್ತಗೆ ಇಡಿ. ಈಚಿನ ನಾಣ್ಯ ಒಂದೊಂದು 3ರಿಂದ 4 ಗ್ರಾಂ ಇರುತ್ತದೆ. ಬಾಗಿಲು ಮುಚ್ಚಿದರೆ ಸರಿ. ಮುಚ್ಚದಿದ್ದರೆ ಬಾಗಿಲಿನ ಕೊಕ್ಕೆಯನ್ನು ಇಕ್ಕಳದಿಂದ ಕೂದಲೆಳೆಯಷ್ಟು ತಿದ್ದಿ. ಬರೀ ಗಾಳಿಗೇ ಮುಚ್ಚಿದರೆ ಅತಿಯಾಯಿತು.

ಈ ಬೋನಿಗೆ ತನ್ನದೇ ಪಕ್ಷಪಾತವಿದೆ. ಬೆಳೆದ ಹೆಗ್ಗಣ ಇದರೊಳಗೆ ಹಿಡಿಸುವುದಿಲ್ಲ, ಅದಕ್ಕೆ ತಂತಿ ಬೋನು ಬೇಕು. ಮೂಗಿಲಿಗಳು ಬಕೆಟ್ ಗುಂಡಿಗೆ ಹೆಚ್ಚು ಬೀಳುತ್ತವೆ. ಬಕೆಟ್ಟನ್ನು ಬಾಯಿಮಟ್ಟಕ್ಕೆ ಹೂತು, ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆಯ ಗಿಡ್ಡ ಬೇಲಿ ಎಳೆಯಬೇಕು, ತಳಕ್ಕೆ ತೂತು ಕೊರೆಯಬೇಕು. ಇಲ್ಲದಿದ್ದರೆ ಒಂದೇ ಮಳೆಗೆ ಅದು ಬಾವಿ. ಮರದ ಮೇಲೇ ಬದುಕುವ ಮುಳ್ಳುಕೂದಲಿನ ಡಾರ್‌ಮೌಸ್, ಅಂದರೆ ಪ್ಲಾಟಕ್ಯಾಂತಮಿಸ್, ನೆಲದ ಬೋನಿಗೆ ಬೀಳುವುದು ಅಪರೂಪ. ಬೋನನ್ನು ಕೊಂಬೆಗೆ ಕಟ್ಟಬೇಕು. ನೆಲದಲ್ಲಿ ಮಾತ್ರ ಬೋನಿಟ್ಟು "ಈ ಕಾಡಿನಲ್ಲಿ ಡಾರ್‌ಮೌಸ್ ಇಲ್ಲ" ಎಂದು ಬರೆಯುವುದು, ಕೆರೆಯ ದಡದಲ್ಲಿ ಕೂತು ಮೀನಿಲ್ಲ ಎಂದ ಹಾಗೆ.

ತಿಂಡಿಗೆ ಶೇಂಗಾ ಬೆಣ್ಣೆ ಮತ್ತು ಓಟ್ಸ್ ಎಂದು ಹೊರದೇಶದ ಕೈಪಿಡಿಗಳು ಹೇಳುತ್ತವೆ. ನಮ್ಮಲ್ಲಿ ಸುಟ್ಟ ಕೊಬ್ಬರಿ ಚೂರು ಚೆನ್ನಾಗಿ ನಡೆಯುತ್ತದೆ, ಅಗ್ಗ, ಬೇಗ ಕೆಡುವುದೂ ಇಲ್ಲ. ಮೂಗಿಲಿಗೆ ಜೊತೆಯಲ್ಲಿ ಒಂದು ಚೂರು ಒಣಮೀನು. ಏನೇ ಇಟ್ಟರೂ ಎಲ್ಲ ಗ್ರಿಡ್‌ಗಳಲ್ಲೂ, ಅಂದರೆ ಸಾಲು ಸಾಲಾಗಿ ಬೋನಿಟ್ಟ ಚೌಕಗಳಲ್ಲೂ, ಎಲ್ಲ ರಾತ್ರಿಯೂ ಅದೇ ಇರಲಿ. ಮಧ್ಯದಲ್ಲಿ ಬದಲಿಸಿದರೆ ಎರಡು ಜಾಗದ ಹೋಲಿಕೆ ಅಲ್ಲಿಗೇ ಮುಗಿಯಿತು. ಶೇಂಗಾ ಬೆಣ್ಣೆಯ ದೊಡ್ಡ ತೊಂದರೆ ಇರುವೆ. ಜಿಡ್ಡು ಬೋನಿಗೆಲ್ಲ ಅಂಟುತ್ತದೆ, ಇರುವೆ ಸಾಲುಗಟ್ಟುತ್ತದೆ, ಒಳಗೆ ಸಿಕ್ಕಿಬಿದ್ದ ಪ್ರಾಣಿಗೆ ಓಡಲು ಜಾಗವಿಲ್ಲ. ಇರುವೆ ಕಚ್ಚಿಯೇ ಇಲಿ ಸಾಯುತ್ತದೆ. ಬೋನಿನ ಸುತ್ತ ಕೀಟನಾಶಕ ಪುಡಿ ಹಾಕುವುದು ಪರಿಹಾರವಲ್ಲ, ಅದು ಪ್ರಾಣಿಯ ಕಾಲಿಗೂ ನಿಮ್ಮ ಕೈಗೂ ಬರುತ್ತದೆ. ಒಣ ತಿಂಡಿ ಸ್ವಲ್ಪವೇ ಇಡಿ, ಇರುವೆ ಗೂಡಿದ್ದರೆ ಬೋನನ್ನು ಅದರ ಜಾಗ ಗುರುತಿಸುವ ಗೂಟದಿಂದ ಒಂದೆರಡು ಮೀಟರ್ ಒಳಗೇ ಸರಿಸಿ, ಸರಿಸಿದ್ದನ್ನು ಬರೆದಿಡಿ.

ಗ್ರಿಡ್‌ನ ವಿಷಯ. 10 ಸಾಲು, ಸಾಲಿಗೆ 10 ಬೋನು, ನಡುವೆ 10 ಮೀಟರ್. ಚೌಕದ ಬದಿ 90 ಮೀಟರ್, ವಿಸ್ತೀರ್ಣ 0.81 ಹೆಕ್ಟೇರ್. ಸಿಕ್ಕ ಇಲಿಗಳನ್ನು 0.81ರಿಂದ ಭಾಗಿಸಿ ಹೆಕ್ಟೇರಿಗಿಷ್ಟು ಎಂದು ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ತಪ್ಪು. ಅಂಚಿನ ಬೋನಿಗೆ ಹೊರಗಿನ ಇಲಿಗಳೂ ಬರುತ್ತವೆ, ಹಾಗಾಗಿ ಸಾಂದ್ರತೆ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಯಾವ ಇಲಿ ಯಾವ ಬೋನಿನಲ್ಲಿ ಸಿಕ್ಕಿತು ಎಂಬ ಜಾಗದ ಮಾಹಿತಿಯನ್ನೇ ಬಳಸಿ ಇದನ್ನು ಸರಿಪಡಿಸುವ ವಿಧಾನ 2004ರಲ್ಲಿ ಎಫರ್ಡ್ ಬರೆದ ಲೇಖನದಿಂದ ಬಳಕೆಗೆ ಬಂತು. ಈಗ ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಅದಕ್ಕೆ ಸಿದ್ಧ ಪ್ಯಾಕೇಜಿದೆ. ಅದಕ್ಕೆ ಬೇಕಾದ್ದು ಇಷ್ಟೇ: ಒಂದೇ ಇಲಿ ಬೇರೆ ಬೇರೆ ಬೋನುಗಳಲ್ಲಿ ಮತ್ತೆ ಮತ್ತೆ ಸಿಗಬೇಕು. ಬೋನುಗಳನ್ನು 50 ಮೀಟರ್‌ಗೊಂದು ಇಟ್ಟರೆ ಸಣ್ಣ ಇಲಿಯ ಓಡಾಟದೊಳಗೆ ಎರಡನೇ ಬೋನೇ ಇರುವುದಿಲ್ಲ, ಪ್ಯಾಕೇಜು ಏನನ್ನೂ ಹೇಳುವುದಿಲ್ಲ.

ಇನ್ನೊಂದು ಮೋಸ ಇದಕ್ಕಿಂತ ಸಾಮಾನ್ಯ. ಒಂದು ಕಾಫಿ ತೋಟದಲ್ಲಿ 100 ಬೋನು, ಒಂದು ಕಾಡಿನಲ್ಲಿ 100 ಬೋನು ಇಟ್ಟು "ತೋಟಕ್ಕೂ ಕಾಡಿಗೂ ವ್ಯತ್ಯಾಸ" ಎಂದು ಶೀರ್ಷಿಕೆ ಕೊಡುವುದು. ನಿಮ್ಮಲ್ಲಿರುವುದು ಒಂದು ತೋಟ, ಒಂದು ಕಾಡು. ನೂರು ಬೋನು ನೂರು ತೋಟ ಆಗುವುದಿಲ್ಲ. 25 ಬೋನಿನ ಸಣ್ಣ ಗ್ರಿಡ್‌ಗಳನ್ನು ನಾಲ್ಕು ತೋಟ, ನಾಲ್ಕು ಕಾಡಿನ ತುಣುಕುಗಳಲ್ಲಿ ಸರದಿಯ ಮೇಲೆ ಇಡುವುದು ಎಷ್ಟೋ ಮೇಲು, ನಡೆಯುವ ದೂರ ಜಾಸ್ತಿಯಾದರೂ.

ಈಗ ಖಾಲಿ ಬೋನು. 100 ಬೋನು ಐದು ರಾತ್ರಿ ಎಂದರೆ 500 ಬೋನು-ರಾತ್ರಿ. ಎರಡು ಜಾಗದಲ್ಲೂ 40 ಪ್ರಾಣಿ ಸಿಕ್ಕವು ಎನ್ನೋಣ, ನೂರು ಬೋನು-ರಾತ್ರಿಗೆ 8. ಸಮ ಸಮ. ಆದರೆ ಮೊದಲ ಜಾಗದಲ್ಲಿ ಐದು ರಾತ್ರಿ ಸೇರಿ 60 ಸಲ ಬೋನು ಸುಮ್ಮನೆ ಮುಚ್ಚಿಕೊಂಡಿತ್ತು, ಎರಡನೆಯದರಲ್ಲಿ ಮಳೆಹನಿ, ಕಾಡುಹಂದಿ, ನಾಯಿಗಳ ದೆಸೆಯಿಂದ 200 ಸಲ. ಮುಚ್ಚಿದ ಬೋನು, ಇಲಿ ಒಳಗಿರಲಿ ಇಲ್ಲದಿರಲಿ, ಸರಾಸರಿ ಅರ್ಧ ರಾತ್ರಿ ಮಾತ್ರ ದುಡಿದಿದೆ ಎಂದು ಹಿಡಿದು ಅರ್ಧ ಕಳೆಯುವುದು ರೂಢಿ. ಮೊದಲ ಜಾಗ: 40 ಮತ್ತು 60 ಸೇರಿ 100, ಅರ್ಧ 50, ಉಳಿದದ್ದು 450, ಫಲಿತ 8.9. ಎರಡನೆಯದು: 240ರ ಅರ್ಧ 120, ಉಳಿದದ್ದು 380, ಫಲಿತ 10.5. ಸಮ ಎಂದದ್ದು ಸಮವಲ್ಲ.

ಈ ಅರ್ಧದ ಲೆಕ್ಕಕ್ಕೂ ಮಿತಿ ಇದೆ. ಬೆಳಕು ಹರಿಯುವಾಗ ಮಂಗ ಬಂದು ತಟ್ಟಿ ಹೋದ ಬೋನು ರಾತ್ರಿಯಿಡೀ ದುಡಿದಿರುತ್ತದೆ. ಸಂಜೆ ಆರಕ್ಕೇ ಹನಿ ಬಿದ್ದು ಮುಚ್ಚಿದ್ದು ಒಂದು ಗಳಿಗೆಯೂ ದುಡಿದಿಲ್ಲ. ಅದಕ್ಕೇ ಕಾರಣ ಬರೆಯಬೇಕು. ಪ್ರತಿ ಬೋನಿಗೆ ಪ್ರತಿ ಬೆಳಗ್ಗೆ ಒಂದು ಗುರುತು: ತೆರೆದಿದೆ ತಿಂಡಿ ಇದೆ, ತೆರೆದಿದೆ ತಿಂಡಿ ಮಾಯ, ಮುಚ್ಚಿ ಖಾಲಿ, ಉರುಳಿದೆ, ಪ್ರಾಣಿ. ಜೊತೆಗೆ ಮಳೆ ಮತ್ತು ತಿಂಗಳಬೆಳಕು. ಹುಣ್ಣಿಮೆಯ ಆಸುಪಾಸು ಗೂಬೆಯ ಭಯಕ್ಕೆ ಎಷ್ಟೋ ಜಾತಿಯ ಇಲಿಗಳು ಬಯಲಿಗೆ ಬರುವುದು ಕಡಿಮೆ. ಒಂದು ಜಾಗವನ್ನು ಅಮಾವಾಸ್ಯೆಗೆ, ಇನ್ನೊಂದನ್ನು ಹುಣ್ಣಿಮೆಗೆ ಮಾಡಿದರೆ ನೀವು ಅಳೆದದ್ದು ಚಂದ್ರನನ್ನು.

ಒಂದು ಜಾಗದಲ್ಲಿ ಒಟ್ಟು ಎಷ್ಟು ಇಲಿ ಇವೆ ಎನ್ನುವ ಮರುಹಿಡಿತದ ಅಂದಾಜು ಸರಳ. ಮೊದಲ ಸುತ್ತಿನಲ್ಲಿ 40ಕ್ಕೆ ಗುರುತು ಹಾಕಿದಿರಿ. ಎರಡನೆಯದರಲ್ಲಿ ಸಿಕ್ಕ 36ರಲ್ಲಿ 16ಕ್ಕೆ ಗುರುತಿತ್ತು. 40ನ್ನು 36ರಿಂದ ಗುಣಿಸಿ 16ರಿಂದ ಭಾಗಿಸಿದರೆ 90. ಸಣ್ಣ ಸಂಖ್ಯೆಗಳಿಗೆ ಚಾಪ್‌ಮನ್ ತಿದ್ದುಪಡಿ ಮೇಲು: 41 × 37 ÷ 17, ಅದರಲ್ಲಿ 1 ಕಳೆದರೆ 88. ಇದು ನಿಜವಾಗಬೇಕಾದರೆ ಎಲ್ಲ ಇಲಿಗೂ ಸಿಕ್ಕಿಬೀಳುವ ಸಾಧ್ಯತೆ ಒಂದೇ ಇರಬೇಕು. ಇರುವುದಿಲ್ಲ. ಕೊಬ್ಬರಿಯ ರುಚಿ ಕಂಡವು ದಿನಾ ಬರುತ್ತವೆ, ಆಗ ಅಂದಾಜು ಇಳಿಯುತ್ತದೆ. ಹೆದರಿದವು ಮತ್ತೆ ಬರುವುದೇ ಇಲ್ಲ, ಆಗ ಏರುತ್ತದೆ. ಹೆದರಿಕೆ ತಗ್ಗಿಸಲು ಎರಡು ರಾತ್ರಿ ಬಾಗಿಲು ಮುಚ್ಚದಂತೆ ಕಟ್ಟಿ, ತಿಂಡಿ ಮಾತ್ರ ಇಟ್ಟು ರೂಢಿ ಮಾಡಿಸಿ. ಗುರುತಿಗೆ ಕಿವಿಯ ಲೋಹದ ಬಿಲ್ಲೆ ಅಥವಾ ಚರ್ಮದಡಿ ಸೇರಿಸುವ ಮೈಕ್ರೋಚಿಪ್. ಐದು ದಿನದ ಕೆಲಸಕ್ಕೆ ಬೆನ್ನಿನ ರೋಮ ಕತ್ತರಿಸಿದರೂ ಸಾಕು. ಬೆರಳು ಕತ್ತರಿಸುವ ಹಳೆಯ ಪದ್ಧತಿ ಬೇಡವೇ ಬೇಡ.

ಕೈಗೆ ತೆಗೆಯುವ ಮುನ್ನ ಬೋನಿನ ಬಾಗಿಲನ್ನು ಒಂದು ಗೆರೆಯಷ್ಟು ಸರಿಸಿ ನೋಡಿ. ಇಲಿಯ ಹಿಂದೆ ಹಾವೂ ಬರುತ್ತದೆ. ಆಮೇಲೆ ಬಾಯಿಗೆ ಬಟ್ಟೆಚೀಲ ಹಿಡಿದು ಬೋನನ್ನು ಮೇಲೆ ಮಾಡಿ ಅಲುಗಿಸಿ. ಚೀಲದ ಸಮೇತ ತೂಗಿ, ಚೀಲದ ತೂಕ ಕಳೆಯಿರಿ. ಬಟ್ಟೆಯ ಮೇಲಿನಿಂದಲೇ ಕತ್ತಿನ ಸಡಿಲ ಚರ್ಮ ಹಿಡಿಯಿರಿ. ಬಾಲದಲ್ಲಿ ಎಂದೂ ಎತ್ತಬೇಡಿ, ಕೆಲವು ಜಾತಿಗಳಲ್ಲಿ ಬಾಲದ ಚರ್ಮ ಒರೆಯ ಹಾಗೆ ಕಳಚಿ ಬರುತ್ತದೆ. ಬಾಲ, ಉಗುರು ಬಿಟ್ಟು ಹಿಂಗಾಲು, ಕಿವಿ: ಮೂರನ್ನು ಅಳೆದು ಬಿಟ್ಟುಬಿಡಿ. ಒಂದು ಪ್ರಾಣಿಗೆ ಐದು ನಿಮಿಷ ಮೀರಬಾರದು.

ಗುರುತಿಸುವುದು ಎಲ್ಲಕ್ಕಿಂತ ಕಷ್ಟ. ಬಾಲದ ತುದಿಭಾಗ ಬೆಳ್ಳಗಿದ್ದರೆ ಬ್ಲ್ಯಾನ್‌ಫರ್ಡ್ ಇಲಿ, ಸುಲಭ. ಮೇಲಿನ ಬಾಚಿಹಲ್ಲಿನಲ್ಲಿ ಉದ್ದ ಗೀರಿದ್ದರೆ ಪೊದೆ, ಹುಲ್ಲುಗಾವಲಿನ ಗೊಲುಂಡ. ಈ ಜಾತಿಯನ್ನು 1837ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಗ್ರೇ ವಿವರಿಸಿದ್ದು ಧಾರವಾಡದಿಂದ ಕಂಪನಿ ಅಧಿಕಾರಿ ವಾಲ್ಟರ್ ಎಲಿಯಟ್ ಸಂಗ್ರಹಿಸಿದ ಮಾದರಿಯಿಂದ, ಹೆಸರೂ ಇಲ್ಲಿಯ ಜನರ ಬಾಯಿಂದಲೇ ಹೋದದ್ದು. 1824ರಲ್ಲಿ ಕಿತ್ತೂರಿನವರ ಸೆರೆಯಲ್ಲಿದ್ದ ಎಲಿಯಟ್ ಇವನೇ. ಮನೆಯ ಕಪ್ಪಿಲಿ ಮತ್ತು ಘಟ್ಟದ ರ‍್ಯಾಟಸ್ ಸತಾರೆ ಮಾತ್ರ ಹೊರಗಿನ ಅಳತೆಯಿಂದಲೇ ಖಚಿತವಾಗಿ ಬಿಡಿಸುವುದು ಕಷ್ಟ. ಕಿವಿಯಂಚಿನ 2 ಮಿಲಿಮೀಟರ್ ಚೂರನ್ನು 95 ಶೇಕಡ ಎಥನಾಲ್‌ನಲ್ಲಿಟ್ಟು ಡಿಎನ್ಎ ಮಾಡಿಸಬೇಕು. ಹಣವಿಲ್ಲದಿದ್ದರೆ "ರ‍್ಯಾಟಸ್ ಗುಂಪು" ಎಂದೇ ಬರೆಯಿರಿ, ಅದರಲ್ಲಿ ಅವಮಾನವಿಲ್ಲ. ಆದರೆ ಸಂರಕ್ಷಣೆಯ ಮಾತು ಬಂದಾಗ ಈ ವ್ಯತ್ಯಾಸವೇ ಮುಖ್ಯ: ತೋಟದಲ್ಲಿ ಇಲಿ ಹೆಚ್ಚಿದೆ ಎಂದರೆ ಕಾಡಿನ ಜಾತಿ ಉಳಿದಿದೆ ಎಂದೂ ಆಗಬಹುದು, ಮನೆಯ ಇಲಿ ಅದರ ಜಾಗ ಹಿಡಿದಿದೆ ಎಂದೂ ಆಗಬಹುದು.

ಸಾವುಗಳ ಬಗ್ಗೆ. ಮೂಗಿಲಿಗೆ ಹೊಟ್ಟೆ ಖಾಲಿ ಇದ್ದರೆ ಕೆಲವೇ ಗಂಟೆಯಲ್ಲಿ ಜೀವ ಹೋಗುತ್ತದೆ. ಅದು ಬರುವ ಜಾಗದಲ್ಲಿ ನಡುರಾತ್ರಿ ಒಂದು ಸುತ್ತು ಕಡ್ಡಾಯ. ಚಳಿಯಲ್ಲಿ ಬೋನಿನೊಳಗೆ ಒಂದು ಹಿಡಿ ಒಣಹುಲ್ಲು, ಮೇಲೆ ಅಡಿಕೆ ಹಾಳೆ ಮುಚ್ಚಿದರೆ ಮಳೆಯೂ ಇಬ್ಬನಿಯೂ ತಟ್ಟುವುದಿಲ್ಲ. ಬೆಳಗ್ಗೆ ಬಿಸಿಲೇರುವ ಮುನ್ನ ಎಲ್ಲ ಬೋನನ್ನೂ ನೋಡಿ ಮುಚ್ಚಬೇಕು. ಬಿಸಿಲಿಗೆ ಸಿಕ್ಕ ಅಲ್ಯೂಮಿನಿಯಂ ಪೆಟ್ಟಿಗೆ ಒಲೆಯೇ, ಹಗಲು ಅದಕ್ಕೆ ಬೀಳುವುದು ಅಳಿಲು. ಆಷಾಢದ ಮಳೆಯಲ್ಲಿ ಆಗುಂಬೆ ಕಡೆ ಬೋನಿಡುವ ಯೋಚನೆಯನ್ನೇ ಬಿಡಿ. ಸತ್ತವನ್ನೂ ಬರೆಯಿರಿ, ಪ್ರಬಂಧದಲ್ಲಿ ಹಾಕಿ.

ನಿಮ್ಮ ಜೀವದ ಬಗ್ಗೆಯೂ ಒಂದು ಮಾತು. ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರ ವೈರಸ್ ಹರಡುವ ಉಣುಗಿನ ಮರಿಗಳು ಸಣ್ಣ ಪ್ರಾಣಿಗಳ ಮೈಮೇಲೂ ರಕ್ತ ಹೀರುತ್ತವೆ, ಕಾಡಿನ ಇಲಿ, ಮೂಗಿಲಿಗಳಲ್ಲಿ ವೈರಸ್ಸೂ ಸಿಕ್ಕಿದೆ. ಡಿಸೆಂಬರಿನಿಂದ ಮೇವರೆಗೆ ಅಪಾಯದ ಕಾಲ. ಬೋನಿಡಲು ಅನುಕೂಲವಾದ ಒಣ ಕಾಲವೂ ಅದೇ. ಮಂಗ ಸತ್ತ ಸುದ್ದಿ ಇರುವ ಕಡೆ ಕೆಲಸ ನಿಲ್ಲಿಸಿ. ಉಳಿದ ಕಡೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರಬೇಡಿ, ಸಂಜೆ ಬಿಸಿನೀರಿನಲ್ಲಿ ಮೈ ತಿಕ್ಕಿ ತೊಳೆಯಿರಿ. ಜ್ವರ ಬಂದರೆ ವೈದ್ಯರಿಗೆ ಇಲಿ ಮುಟ್ಟಿದ್ದನ್ನೂ ಹೇಳಿ, ಇಲಿಜ್ವರದ ಸಾಧ್ಯತೆಯೂ ಇರುತ್ತದೆ. ಬೋನಿನ ಹಿಕ್ಕೆಯನ್ನು ಒಣಗಿದ್ದಾಗ ಕೊಡವಬೇಡಿ. ಮೊದಲು ನೀರಿನಲ್ಲಿ ನೆನೆಸಿ, ಕೈಗವಸು, ಮಾಸ್ಕ್ ಹಾಕಿ, ಸೋಪಿನಲ್ಲಿ ಉಜ್ಜಿ ಬಿಸಿಲಿಗಿಡಿ. ಬ್ಲೀಚಿಂಗ್ ಪುಡಿ ಅಲ್ಯೂಮಿನಿಯಂ ತಿನ್ನುತ್ತದೆ.

ಕೊನೆಯ ಬೆಳಗ್ಗೆ ಬೋನು ಎತ್ತುವಾಗ ಎಣಿಸಿ. 99 ಬಂದರೆ ಜೀಪು ಹತ್ತಬೇಡಿ. ತರಗೆಲೆಯಡಿ ಉಳಿದ ಆ ಒಂದು ಬೋನು ತೆರೆದಿದ್ದರೆ ನಿಮ್ಮ ಲೆಕ್ಕ ಮುಗಿದ ಮೇಲೂ ಹಿಡಿಯುತ್ತದೆ, ನೋಡಲು ಯಾರೂ ಬರುವುದಿಲ್ಲ.