ಗಾರ್ಡ್‌ಗೆ ಲೈಸೆನ್ಸ್ ಇಲ್ಲ, ಏಜೆನ್ಸಿಗೆ ಇದೆ

ಹುಬ್ಬಳ್ಳಿಯ ಬಸ್‌ಸ್ಟ್ಯಾಂಡ್ ಸುತ್ತಮುತ್ತ ಲೈಟ್ ಕಂಬಕ್ಕೆ, ಚಹಾ ಅಂಗಡಿ ಗೋಡೆಗೆ ಅಂಟಿಸಿದ ಚೀಟಿ ನೋಡಿರುತ್ತೀರಿ: ‘ಸೆಕ್ಯುರಿಟಿ ಗಾರ್ಡ್ ಬೇಕಾಗಿದ್ದಾರೆ, ಊಟ ವಸತಿ ಉಚಿತ.’ ಫೋನ್ ಹಚ್ಚಿದರೆ ಆ ಕಡೆಯಿಂದ ಬರುವ ಮಾತು ಹೆಚ್ಚುಕಡಿಮೆ ಒಂದೇ: “ಬಾ ತಮ್ಮಾ, ಲೈಸೆನ್ಸ್ ನಾವ ಮಾಡಿಸಿ ಕೊಡ್ತೀವಿ, ಅದಕ್ಕ ಸ್ವಲ್ಪ ರೊಕ್ಕ ಆಗ್ತೈತಿ.” ಫೋನ್ ಅಲ್ಲಿಗೇ ಇಟ್ಟುಬಿಡಿ. ನಮ್ಮಲ್ಲಿ ಗಾರ್ಡ್ ಹೆಸರಿಗೆ ಲೈಸೆನ್ಸ್ ಕೊಡುವ ಪದ್ಧತಿಯೇ ಇಲ್ಲ. ಲೈಸೆನ್ಸ್ ಬೇಕಾದದ್ದು ಏಜೆನ್ಸಿಗೆ.

2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಯನ್ನು ಈ ದಂಧೆಯವರು ‘ಪಸಾರಾ’ ಅನ್ನುತ್ತಾರೆ. ಅದರ ಪ್ರಕಾರ ಏಜೆನ್ಸಿಯ ಲೈಸೆನ್ಸಿಗೆ ಶುಲ್ಕ ಒಂದು ಜಿಲ್ಲೆಗಾದರೆ 5,000 ರೂಪಾಯಿ, ಐದು ಜಿಲ್ಲೆಯವರೆಗೆ 10,000, ಇಡೀ ರಾಜ್ಯಕ್ಕೆ 25,000. ಅವಧಿ 5 ವರ್ಷ. ಆ ಲೈಸೆನ್ಸಿನ ಪ್ರತಿಯನ್ನು ಆಫೀಸಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ತೂಗುಹಾಕಬೇಕು ಅಂತಲೂ ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ಕೆಲಸ ಕೇಳಲು ಹೋದಾಗ ಮೊದಲು ಗೋಡೆ ನೋಡಿ. ಲೈಸೆನ್ಸ್ ಮೇಲೆ ಯಾವ ಜಿಲ್ಲೆಗಳ ಹೆಸರಿದೆ, ಯಾವ ತಾರೀಖಿಗೆ ಮುಗಿಯುತ್ತದೆ ಅನ್ನುವುದನ್ನು ಓದಿ. ಧಾರವಾಡ ಜಿಲ್ಲೆಗೆ ಮಾತ್ರ ಲೈಸೆನ್ಸ್ ಇಟ್ಟುಕೊಂಡು ಗದಗಿನ ಫ್ಯಾನ್ (ಗಾಳಿಯಂತ್ರ) ಸೈಟಿಗೆ ಹುಡುಗರನ್ನು ಕಳಿಸುವವರಿದ್ದಾರೆ. ಲೈಸೆನ್ಸ್ ಇಲ್ಲದೆ ಏಜೆನ್ಸಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 25,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಶಿಕ್ಷೆ ಮಾಲೀಕನಿಗೇ ಸರಿ, ಆದರೆ ಅಂಥ ಏಜೆನ್ಸಿಗೆ ಬೀಗ ಬಿದ್ದ ದಿನ ಬಾಕಿ ಪಗಾರ ಕೇಳಲು ಯಾರ ಬಾಗಿಲಿಗೆ ಹೋಗುತ್ತೀರಿ? ಅಪಾರ್ಟ್‌ಮೆಂಟಿನವರು ತಾವೇ ಪಗಾರ ಕೊಟ್ಟು ನೇರವಾಗಿ ಇಟ್ಟುಕೊಳ್ಳುವ ವಾಚ್‌ಮನ್ ಮಾತು ಬೇರೆ. ಅಲ್ಲಿ ಏಜೆನ್ಸಿಯೇ ಇಲ್ಲದ್ದರಿಂದ ಈ ಕಾಯ್ದೆ ಅಡ್ಡ ಬರುವುದಿಲ್ಲ.

ಹಾಗಾದರೆ ಗಾರ್ಡ್ ಆಗುವವನಿಗೆ ಏನು ಬೇಕು? ವಯಸ್ಸು 18 ತುಂಬಿರಬೇಕು, 65 ಮುಟ್ಟಿರಬಾರದು. ನಡತೆ ಸರಿಯಿದೆ ಅನ್ನುವ ಪೊಲೀಸ್ ಪರಿಶೀಲನೆ, ತರಬೇತಿ, ದೇಹದಾರ್ಢ್ಯ, ಕೊನೆಗೆ ಏಜೆನ್ಸಿ ಕೊಡುವ ಫೋಟೊ ಗುರುತಿನ ಚೀಟಿ. ಕೋರ್ಟಿನಲ್ಲಿ ಶಿಕ್ಷೆಯಾದವರನ್ನು, ದುರ್ನಡತೆಗಾಗಿ ಸೈನ್ಯದಿಂದಲೋ ಪೊಲೀಸ್ ಇಲಾಖೆಯಿಂದಲೋ ವಜಾ ಆದವರನ್ನು ಏಜೆನ್ಸಿ ತೆಗೆದುಕೊಳ್ಳುವಂತಿಲ್ಲ. ಒಳ್ಳೆಯ ಹೆಸರಿನಿಂದ ನಿವೃತ್ತರಾದ ಮಾಜಿ ಸೈನಿಕರಿಗೆ ಮೊದಲ ಆದ್ಯತೆ.

ಪೊಲೀಸ್ ಪರಿಶೀಲನೆಯಲ್ಲೇ ಹೆಚ್ಚು ಮಂದಿ ಎಡವುತ್ತಾರೆ. ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಾಕಬಹುದು. ಠಾಣೆ ಆರಿಸುವಾಗ ಜಾಗ್ರತೆ. ಹುಬ್ಬಳ್ಳಿ-ಧಾರವಾಡ ನಗರ ಪೊಲೀಸ್ ಕಮಿಷನರ್ ಕೈಕೆಳಗೆ ಬರುತ್ತದೆ. ಕುಂದಗೋಳ, ಕಲಘಟಗಿ, ನವಲಗುಂದ ಕಡೆಯ ಊರುಗಳು ಧಾರವಾಡ ಜಿಲ್ಲಾ ಎಸ್‌ಪಿ ಕೈಕೆಳಗೆ. ಗದಗ ಜಿಲ್ಲೆಯ ಶಿರಹಟ್ಟಿಯ ಹುಡುಗ ಹುಬ್ಬಳ್ಳಿಯ ನವನಗರದಲ್ಲಿ ಖೋಲಿ ಮಾಡಿಕೊಂಡಿದ್ದಾನೆ, ಆಧಾರ್‌ನಲ್ಲಿ ಮಾತ್ರ ಊರ ವಿಳಾಸ ಅಂತಿಟ್ಟುಕೊಳ್ಳಿ. ಅರ್ಜಿಯಲ್ಲಿ ಹುಬ್ಬಳ್ಳಿ ವಿಳಾಸ ಒಂದೇ ಬರೆದರೆ ಠಾಣೆಯವರು ಬಂದು ವಿಚಾರಿಸಿದಾಗ ‘ಇವನನ್ನು ನಾವು ಅರಿಯೆವು’ ಅನ್ನುತ್ತಾರೆ ಅಕ್ಕಪಕ್ಕದವರು, ಅರ್ಜಿ ಹಿಂದಕ್ಕೆ ಬರುತ್ತದೆ. ಕಾಯಂ ವಿಳಾಸ, ಈಗಿರುವ ವಿಳಾಸ ಎರಡನ್ನೂ ಬರೆಯಬೇಕು. ಖೋಲಿ ಮಾಲೀಕರಿಗೆ, ಊರಲ್ಲಿ ಮನೆಯವರಿಗೆ ಮುಂಚೆಯೇ ಹೇಳಿಡಬೇಕು. ನಡುವೆ ಗೋವಾಕ್ಕೋ ಪುಣೆಗೋ ದುಡಿಯಲು ಹೋಗಿದ್ದರೆ ಅದನ್ನೂ ಮುಚ್ಚಿಡಬೇಡಿ. ಹೊಲದ ಜಗಳದ ಕೇಸು ಬಾಕಿಯಿದ್ದರೂ ಅಷ್ಟೇ. ಬಾಕಿ ಇರುವ ಕೇಸು ಶಿಕ್ಷೆಯಲ್ಲ, ಆದರೆ ಮುಚ್ಚಿಟ್ಟದ್ದು ವರದಿಯಲ್ಲಿ ಬಂದರೆ ನಂಬಿಕೆ ಹೋಗುತ್ತದೆ.

ಹೆಸರಿನ ಕಾಟ ಇನ್ನೊಂದು. ಶಾಲೆಯ ದಾಖಲೆಯಲ್ಲಿ ‘ಎಲ್ಲಪ್ಪ’, ಆಧಾರ್‌ನಲ್ಲಿ ‘ಯಲ್ಲಪ್ಪ’, ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು ಮುಂದೆ. ಹುಟ್ಟಿದ ತಾರೀಖಂತೂ ನಮ್ಮ ಕಡೆ ಅರ್ಧ ಮಂದಿಗೆ ಜೂನ್ 1, ಸಾಲಿ ಮಾಸ್ತರರ ಕೃಪೆ! ಆದರೆ ಆಧಾರ್‌ನಲ್ಲಿ ಬೇರೆ ಇದ್ದರೆ ಮುಂದೆ ಪಿಎಫ್ ರೊಕ್ಕ ಸಿಕ್ಕಿಬೀಳುವುದು ಅಲ್ಲೇ. ಕೆಲಸಕ್ಕೆ ಸೇರುವ ಮೊದಲೇ ಎಲ್ಲವನ್ನೂ ಒಂದೇ ಕಾಗುಣಿತಕ್ಕೆ ತರಿಸಿಕೊಳ್ಳಿ. ಅಂಕಪಟ್ಟಿಯ ಅಸಲು ಪ್ರತಿಯನ್ನು ಏಜೆನ್ಸಿಗೆ ಕೊಡಬೇಡಿ, ತೋರಿಸಿ ಜೆರಾಕ್ಸ್ ಕೊಟ್ಟು ಬನ್ನಿ. ಅಸಲು ಅವರ ಕಪಾಟಿನಲ್ಲಿದ್ದರೆ ಕೆಲಸ ಬಿಡುವುದು ನಿಮ್ಮ ಕೈಯಲ್ಲಿರುವುದಿಲ್ಲ.

ದೇಹದ ಅಳತೆ ಕೇಂದ್ರದ ಮಾದರಿ ನಿಯಮಗಳಲ್ಲಿ ಹೀಗಿದೆ: ಗಂಡಸರಿಗೆ ಎತ್ತರ 160 ಸೆಂ.ಮೀ., ಹೆಂಗಸರಿಗೆ 150. ಗಂಡಸರ ಎದೆ 80 ಸೆಂ.ಮೀ., ಉಸಿರು ತುಂಬಿಕೊಂಡಾಗ 4 ಸೆಂ.ಮೀ. ಹಿಗ್ಗಬೇಕು. ದೂರದ ದೃಷ್ಟಿ 6/6, ಚಷ್ಮಾ ಹಾಕಿಕೊಂಡರೂ ನಡೆಯುತ್ತದೆ. ಬಣ್ಣಗುರುಡು ಇರಬಾರದು, ಯಾಕಂದರೆ ಅಲಾರ್ಮ್ ಪ್ಯಾನೆಲ್ ಮಾತಾಡುವುದೇ ಕೆಂಪು, ಹಸಿರಿನಲ್ಲಿ. ಚಪ್ಪಟೆ ಪಾದ ಇರಬಾರದು. ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು: ಕಾಲು ತೋಯಿಸಿ ಒಣ ಶಹಾಬಾದಿ ಕಲ್ಲಿನ ಮೇಲೆ ಒಂದು ಹೆಜ್ಜೆ ಇಡಿ. ನಡುವೆ ಒಳಬದಿಗೆ ಬಾಗಿದ ಖಾಲಿ ಜಾಗ ಕಂಡರೆ ಸರಿ, ಇಡೀ ಪಾದ ರೊಟ್ಟಿಯ ಹಾಗೆ ಅಚ್ಚೊತ್ತಿದರೆ ಡಾಕ್ಟರಿಗೆ ತೋರಿಸಿ. ಒಂದು ಕಿಲೋಮೀಟರ್ ಅನ್ನು 6 ನಿಮಿಷದಲ್ಲಿ ಓಡಬೇಕು. 400 ಮೀಟರ್ ಟ್ರ್ಯಾಕಿನಲ್ಲಿ ಅದು ಎರಡೂವರೆ ಸುತ್ತು, ಸುತ್ತಿಗೆ 2 ನಿಮಿಷ 24 ಸೆಕೆಂಡ್. ಗುಟಕಾ ತಿನ್ನದ, ದಿನಾ ನಡೆದಾಡುವ ಹುಡುಗನಿಗೆ ಎರಡು ವಾರದ ಅಭ್ಯಾಸ ಸಾಕು. ಮೊದಲ ಸುತ್ತಿನಲ್ಲೇ ಜೋರು ಓಡಿ ದಮ್ಮು ಹತ್ತಿಸಿಕೊಳ್ಳುವುದೇ ಎಲ್ಲರ ತಪ್ಪು. ಕೆಲಸ ಸಿಕ್ಕ ಮೇಲೂ 12 ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು.

ತರಬೇತಿ ಕ್ಲಾಸಿನಲ್ಲಿ 100 ತಾಸು, ಮೈದಾನದಲ್ಲಿ 60 ತಾಸು, ಕಡಿಮೆಯೆಂದರೂ 20 ಕೆಲಸದ ದಿನ. ಮಾಜಿ ಸೈನಿಕರಿಗೆ, ಮಾಜಿ ಪೊಲೀಸರಿಗೆ 40 ಮತ್ತು 16 ತಾಸು, 7 ದಿನ. ‘ಎರಡು ದಿನ ಬಾ, ಸರ್ಟಿಫಿಕೇಟ್ ಕೊಡ್ತೀವಿ’ ಅನ್ನುವವರ ಬಳಿ ಹೋದರೆ ಕಾಗದ ಸಿಗುತ್ತದೆ, ಕಸುಬು ಸಿಗುವುದಿಲ್ಲ. ಅದು ಗೊತ್ತಾಗುವುದು ಮೊದಲ ಬೆಂಕಿ ಬಿದ್ದ ದಿನ.

ಪಠ್ಯದಲ್ಲಿ ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಗುಂಪು ನಿಭಾಯಿಸುವುದು, ಗುರುತಿನ ಚೀಟಿ ಪರೀಕ್ಷಿಸುವುದು, ಎಫ್‌ಐಆರ್ ಕೊಡುವ ವಿಧಾನ, ಸ್ಫೋಟಕ ಗುರುತಿಸುವುದು ಎಲ್ಲ ಇದೆ. ಇಂಗ್ಲಿಷ್ ಅಕ್ಷರ, ಅಂಕಿ ಓದಲು ಬರಬೇಕು ಅನ್ನುವುದೂ ನಿಯಮದಲ್ಲೇ ಇದೆ. ಕನ್ನಡ ಶಾಲೆಯಲ್ಲಿ ಕಲಿತವರು ಇದಕ್ಕೆ ಹೆದರಬೇಕಿಲ್ಲ. ರಸ್ತೆ ಬದಿ ನಿಂತು ದಿನಕ್ಕೆ 50 ನಂಬರ್ ಪ್ಲೇಟ್ ಬರೆದುಕೊಳ್ಳಿ. ಕೆಎ 25 ಧಾರವಾಡ, 63 ಹುಬ್ಬಳ್ಳಿ, 26 ಗದಗ, 27 ಹಾವೇರಿ, 68 ರಾಣೆಬೆನ್ನೂರು. ಬಿ ಮತ್ತು 8, ಓ ಮತ್ತು ಸೊನ್ನೆ, ಎಸ್ ಮತ್ತು 5, ಗೇಟ್ ರಜಿಸ್ಟರಿನ ಮುಕ್ಕಾಲು ತಪ್ಪು ಈ ಮೂರು ಜೋಡಿಯಲ್ಲೇ. ವೇಳೆಯನ್ನು 24 ತಾಸಿನ ಲೆಕ್ಕದಲ್ಲಿ ಬರೆಯಿರಿ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ. ವೈಟ್‌ನರ್ ಹಚ್ಚಿದ ರಜಿಸ್ಟರಿಗೆ ಪೊಲೀಸರ ಮುಂದೆ ಕಿಮ್ಮತ್ತಿಲ್ಲ.

ಬೆಂಕಿಯ ಪಾಠವನ್ನು ನಮ್ಮ ಸೀಮೆಯ ಮಟ್ಟಿಗೆ ಬೇರೆಯಾಗಿಯೇ ಕಲಿಯಬೇಕು. ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ಆದರೆ ಒತ್ತಡ ತೋರಿಸುವ ಮುಳ್ಳು ಹಸಿರು ಪಟ್ಟಿಯಲ್ಲಿದೆಯೋ ಇಲ್ಲವೋ ಪ್ರತಿ ಪಾಳಿಯಲ್ಲಿ ನೋಡಬೇಕು. ಪಿನ್ ಎಳೆದು, ಎರಡು ಮೀಟರ್ ದೂರ ನಿಂತು, ಜ್ವಾಲೆಗಲ್ಲ, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಅತ್ತಿಂದಿತ್ತ ಬೀಸಬೇಕು. ಸಿಲಿಂಡರ್ ಕೆಲವೇ ಸೆಕೆಂಡಿನಲ್ಲಿ ಖಾಲಿಯಾಗುತ್ತದೆ, ತಾಲೀಮಿಗೆ ವೇಳೆ ಇರುವುದಿಲ್ಲ. ವಿದ್ಯುತ್ ಪ್ಯಾನೆಲ್ಲಿಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಅದಕ್ಕೆ ಮುಳ್ಳು ಇರುವುದಿಲ್ಲ, ತೂಕ ಮಾಡಿಯೇ ತಿಳಿಯಬೇಕು. ಅದರ ಕಪ್ಪು ತುತ್ತೂರಿಯನ್ನು ಬರಿಗೈಯಲ್ಲಿ ಹಿಡಿದರೆ ಚಳಿಗೆ ಚರ್ಮ ಸುಡುತ್ತದೆ. ಜಿನ್ನಿಂಗ್ ಫ್ಯಾಕ್ಟರಿಯ ಹತ್ತಿ ಅಂಡಿಗೆಗೆ, ಅಂದರೆ ಒತ್ತಿ ಕಟ್ಟಿದ ಮೂಟೆಗೆ, ಬೆಂಕಿ ಬಿದ್ದರೆ ಪೌಡರ್ ಮೇಲ್ಮೈ ಆರಿಸುತ್ತದೆ ಅಷ್ಟೇ. ಒಳಗೆ ಕೂತ ಬೆಂಕಿ ತಾಸುಗಟ್ಟಲೆ ಹೊಗೆಯಾಡಿ ಮತ್ತೆ ಏಳುತ್ತದೆ. ಅಂಡಿಗೆಯನ್ನು ಬೇರೆ ಮಾಡಿ, ಬಿಚ್ಚಿ, ನೀರು ಹಾಕಿಸಿ, ರಾತ್ರಿಯಿಡೀ ಕಣ್ಣಿಡಬೇಕು. ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ ನಿಲ್ಲದಿದ್ದರೆ ಬೆಂಕಿಗಿಂತ ಮುಂಚೆ ಘಾಟೇ ಕೆಡವುತ್ತದೆ. ಬ್ಯಾಡಗಿ ಅಂದ ಮೇಲೆ ಗುಂಪಿನ ಮಾತೂ ಬರುತ್ತದೆ. 2024ರ ಮಾರ್ಚಿನಲ್ಲಿ ದರ ಕುಸಿದಾಗ ಸಿಟ್ಟಿಗೆದ್ದ ಜನ ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಅಂಥ ಹೊತ್ತಿನಲ್ಲಿ ಲಾಠಿ ಹಿಡಿದು ಎದುರು ನಿಲ್ಲುವುದು ಗಾರ್ಡ್‌ನ ಕೆಲಸವಲ್ಲ. ಒಳಗಿನವರನ್ನು ಹಿಂದಿನ ಬಾಗಿಲಿಂದ ಹೊರಗೆ ಕಳಿಸಿ, 112ಕ್ಕೆ ಫೋನ್ ಮಾಡುವುದು ಅವನ ಕೆಲಸ.

ಕಾನೂನಿನ ಪಾಠ 2024ರ ಜುಲೈ 1ರಿಂದ ಬದಲಾಗಿದೆ. ಹಳೇ ನೋಟ್ಸ್ ಹಿಡಿದು ಐಪಿಸಿ ಬಾಯಿಪಾಠ ಮಾಡಿಸುವ ಕಡೆ ಕೂರಬೇಡಿ. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಗಾರ್ಡ್ ಪೊಲೀಸ್ ಅಲ್ಲ. ಜಾಮೀನು ಸಿಗದ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದಂಥ ಅಪರಾಧ ತನ್ನ ಕಣ್ಣೆದುರೇ ನಡೆದರೆ ಯಾವ ನಾಗರಿಕನಾದರೂ ಆ ವ್ಯಕ್ತಿಯನ್ನು ಹಿಡಿಯಬಹುದು, ಗಾರ್ಡ್‌ಗೂ ಇರುವುದು ಅದೇ ಅಧಿಕಾರ. ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನ ಪ್ರಕಾರ ತಡಮಾಡದೆ, ಹೆಚ್ಚೆಂದರೆ 6 ತಾಸಿನೊಳಗೆ ಪೊಲೀಸರ ಕೈಗೆ ಒಪ್ಪಿಸಬೇಕು. ಕಳ್ಳನನ್ನು ಹಿಡಿದು ಸ್ಟೋರ್ ರೂಮಿನಲ್ಲಿ ಕೂಡಿಹಾಕಿ ಬೆಳಗಿನವರೆಗೆ ಸಾಹೇಬರ ದಾರಿ ಕಾಯ್ದರೆ ಕೇಸು ತಿರುಗಿ ಗಾರ್ಡ್ ಮೇಲೆಯೇ ಬೀಳಬಹುದು. ಹೆಣ್ಣುಮಕ್ಕಳ ಬ್ಯಾಗು, ಮೈ ತಪಾಸಣೆಯನ್ನು ಲೇಡಿ ಗಾರ್ಡೇ ಮಾಡಬೇಕು.

ಯೂನಿಫಾರ್ಮ್ ಬಗ್ಗೆ ನಿಯಮ ಎಷ್ಟು ಸೂಕ್ಷ್ಮ ಅಂದರೆ, ಊದುವ ಸೀಟಿಗೆ ದಾರವಿರಬೇಕು, ಅದು ಎಡ ಜೇಬಿನಲ್ಲಿರಬೇಕು, ಬೂಟಿಗೆ ಲೇಸ್ ಇರಬೇಕು, ತೋಳಿಗೆ ಏಜೆನ್ಸಿಯ ಬಿಲ್ಲೆ ಇರಬೇಕು ಅಂತ ಬರೆದಿದೆ. ಪೊಲೀಸ್ ಅಥವಾ ಮಿಲಿಟರಿ ಬಟ್ಟೆಯಂತೆ ಕಾಣುವುದನ್ನು ಹಾಕಿದರೆ ಗಾರ್ಡ್‌ಗೂ ಮಾಲೀಕನಿಗೂ ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ‘ಖಾಕಿ ಹಾಕಿದರೆ ಮಂದಿ ಅಂಜ್ತಾರ’ ಅನ್ನುವ ಸೂಪರ್‌ವೈಸರ್ ಮಾತಿಗೆ ಮರುಳಾಗಬೇಡಿ. ಬಂದೂಕಿನ ಕೆಲಸಕ್ಕೆ ಮಾತ್ರ ಗಾರ್ಡ್ ಹೆಸರಿನಲ್ಲೇ ಲೈಸೆನ್ಸ್ ಬೇಕು, ಆದರೆ ಅದು ಆಯುಧ ಕಾಯ್ದೆಯ ಲೈಸೆನ್ಸ್. ಹೊಸಬರಿಗೆ ಆ ದಾರಿ ದೂರ.

ಪಗಾರದ ಚೀಟಿ ಓದಲು ಕಲಿಯಿರಿ. ಲೆಕ್ಕಕ್ಕೆ 14,000 ರೂಪಾಯಿ ಅಂತಿಟ್ಟುಕೊಂಡರೆ, ಪೂರ್ತಿ ಮೊತ್ತದ ಮೇಲೆ ಪಿಎಫ್ 12 ಪ್ರತಿಶತ ಅಂದರೆ 1,680, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 0.75 ಪ್ರತಿಶತ ಅಂದರೆ 105. ಕೈಗೆ 12,215 ಬರಬೇಕು. ಇಎಸ್‌ಐನ ಮಾಲೀಕರ ಪಾಲು 3.25 ಪ್ರತಿಶತ. ಅದನ್ನೂ ನಿಮ್ಮ ಪಗಾರದಲ್ಲೇ ಮುರಿದುಕೊಂಡಿದ್ದರೆ ಅದು ಕಳ್ಳಲೆಕ್ಕ. 12 ತಾಸಿನ ಡ್ಯೂಟಿ ಅಂದರೆ 8 ತಾಸು ಕೆಲಸ, ಮಿಕ್ಕ 4 ತಾಸು ಓಟಿ, ಅಂದರೆ ಓವರ್‌ಟೈಮ್. ಓಟಿಗೆ ದುಪ್ಪಟ್ಟು ದರ. ಹೆಚ್ಚಿನ ಕಡೆ ಇದನ್ನು ಕೊಡುವುದಿಲ್ಲ, ಆದರೆ ಕೇಳದಿದ್ದರೆ ಎಂದೂ ಬರುವುದಿಲ್ಲ. ಪಿಎಫ್ ಕಟ್ಟುತ್ತಿದ್ದಾರೋ ಇಲ್ಲವೋ ತಿಂಗಳಿಗೊಮ್ಮೆ ಪಾಸ್‌ಬುಕ್ ತೆರೆದು ನೋಡಿ, ಯುಎಎನ್ (ನಿಮ್ಮ ಪಿಎಫ್ ಗುರುತಿನ) ನಂಬರ್ ನಿಮ್ಮ ಮೊಬೈಲಿಗೇ ಜೋಡಿಸಿರಲಿ. ಸೂಪರ್‌ವೈಸರ್ ಮೊಬೈಲಿಗೆ ಜೋಡಿಸಿ, ಆತ ಏಜೆನ್ಸಿ ಬಿಟ್ಟುಹೋದ ಮೇಲೆ ಒಟಿಪಿಗಾಗಿ ಊರೂರು ಅಲೆದವರಿದ್ದಾರೆ.

ಬೇರೆ ಏಜೆನ್ಸಿಗೆ ಹೋಗುವಾಗ ಗುರುತಿನ ಚೀಟಿ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಬರವಣಿಗೆಯಲ್ಲಿ ಸ್ವೀಕೃತಿ ತೆಗೆದುಕೊಳ್ಳಿ. ಕೆಲಸ ಬಿಟ್ಟ ತಾರೀಖನ್ನು ಪಿಎಫ್‌ನಲ್ಲಿ ಏಜೆನ್ಸಿಯವರು ನಮೂದಿಸದಿದ್ದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಪೋರ್ಟಲ್‌ನಲ್ಲಿ ಹಾಕಿಕೊಳ್ಳಬಹುದು.